ಹಡಗು ಕಾಯುವುದಿಲ್ಲ: ಬಂದರಿನಲ್ಲಿ ಒಂದು ಹಗಲು ಕಳೆದವರ ಚರಿತ್ರೆ

ತಾಂಡ್ಯದ ಕಾರ್ಖಾನೆಯೊಂದರ ಗೇಟಿನ ಎದುರು ಟೀ ಅಂಗಡಿ. ಶಿಫ್ಟ್ ಮುಗಿಯುವ ಹೊತ್ತು. ಕಾರ್ಖಾನೆಗೆ ಬಾಡಿಗೆಗೆ ಕಾರು ಓಡಿಸುವ ಪರಿಚಯದ ಚಾಲಕರೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಮಂಗಳೂರಿನ ಪಣಂಬೂರು ಬಂದರಿಗೆ ಬಿಳಿಯ ದೊಡ್ಡ ಹಡಗು ಬಂದಿದೆ, ಚೆಂಡೆ ಬಡಿಯುತ್ತಿದ್ದಾರೆ, ಯಕ್ಷಗಾನದ ವೇಷದವರು ನಿಂತಿದ್ದಾರೆ, ವಿದೇಶಿಯರು ಸಾಲಾಗಿ ಇಳಿದು ಬಸ್ಸು ಹತ್ತುತ್ತಿದ್ದಾರೆ.

‘ಅಲ್ಲ ಕಣಣ್ಣ, ಅಷ್ಟೊಂದು ಜನ ಇಳಿತಾರಲ್ಲ, ನಮ್ ಸೋಮನಾಥಪುರಕ್ಯಾಕೆ ಒಬ್ರೂ ಬರಕಿಲ್ಲ? ಈಗ ಅದಕ್ಕೆ ಯುನೆಸ್ಕೊ ಬೋರ್ಡ್ ಬೇರೆ ಬಿದ್ದದೆ’ ಎಂದು ಕೇಳಿದರು.

ಪ್ರಶ್ನೆ ಸರಿಯಾಗಿಯೇ ಇದೆ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ 1258ರದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥದ್ದು ಪಕ್ಕದಲ್ಲಿರುವಾಗ ಹಡಗಿನವರು ಯಾಕೆ ಬರುವುದಿಲ್ಲ? ಅಲ್ಲೇ ಒಂದು ಲೆಕ್ಕ ಹಾಕಿ ಉತ್ತರ ಹೇಳಿಬಿಟ್ಟೆ. ಆದರೆ ಆ ಲೆಕ್ಕದ ಹಿಂದೆ ಏಳು ನೂರು ವರ್ಷದ ಕಥೆ ಇದೆ ಎಂದು ತಿಳಿದದ್ದು ಮನೆಗೆ ಬಂದು ಓದಲು ಕೂತ ಮೇಲೆ. ಹಡಗಿನಿಂದ ಇಳಿದು ಊರು ನೋಡಲು ಹೋಗುವವರಿಗೆ ಇವತ್ತು ಕೊಡುವ ಬುದ್ಧಿಮಾತುಗಳೆಲ್ಲ ಆ ಕಥೆಯಲ್ಲಿ ಆಗಲೇ ಇವೆ.

ರಾಜಕುಮಾರನನ್ನು ಒತ್ತೆ ಇಡಿ, ಇಳಿಯುತ್ತೇವೆ

ಮೊರಾಕ್ಕೊ ದೇಶದ ಇಬ್ನ್ ಬತೂತ 1340ರ ದಶಕದ ಆರಂಭದಲ್ಲಿ ನಮ್ಮ ಕರಾವಳಿಯ ಗುಂಟ ದಕ್ಷಿಣಕ್ಕೆ ಹೋದ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ್ದ. ಹೊನ್ನಾವರ ದಾಟಿ ಬಾರಕೂರಿಗೆ ಬಂದ. ಅವನ ಬಾಯಲ್ಲಿ ಅದು ಫಾಕನೂರ್. ಆ ದಾರಿಯಲ್ಲಿ ಹೋಗುವ ಪ್ರತಿ ಹಡಗೂ ಅಲ್ಲಿ ಲಂಗರು ಹಾಕಿ ರಾಜನಿಗೆ ಕಾಣಿಕೆ ಕೊಡಬೇಕಿತ್ತು, ಕೊಡದೆ ಹೋದರೆ ರಾಜನ ಹಡಗುಗಳು ಬೆನ್ನಟ್ಟಿ ಹಿಡಿಯುತ್ತಿದ್ದವು ಎಂದು ಅವನು ಬರೆದಿದ್ದಾನೆ. ಇವತ್ತಿನ ಬಂದರು ಶುಲ್ಕದ ಹಿರಿಯ ಅದು.

ಕಾಣಿಕೆ ಕೊಟ್ಟರೂ ಹಡಗಿನವರಿಗೆ ನೆಲಕ್ಕೆ ಇಳಿಯಲು ಹೆದರಿಕೆ. ಹಿಡಿದು ಹಾಕಿದರೆ? ಅದಕ್ಕೆ ಕಂಡುಕೊಂಡ ಉಪಾಯ ನೋಡಿ: ರಾಜನ ಮಗ ಬಂದು ಹಡಗಿನಲ್ಲಿ ಒತ್ತೆಯಾಗಿ ಕೂತ, ಆಮೇಲೆ ಇವರು ಇಳಿದರು. ಮೂರು ದಿನ ಊಟೋಪಚಾರ ಆಯಿತು. ಮುಂದೆ ಮಂಗಳೂರಿನಲ್ಲಿ ಅಲ್ಲಿನ ಖಾಜಿಯೇ ಹಡಗಿಗೆ ಬಂದು ಇಳಿಯಿರಿ ಎಂದು ಕರೆದರೂ ಇವರು ಒಪ್ಪಲಿಲ್ಲ. ಬಾರಕೂರಿನ ಹಾಗೆ ಇಲ್ಲಿಯೂ ರಾಜನ ಮಗ ಬರಲಿ ಎಂದರು. ಅಲ್ಲಿ ಮುಸಲ್ಮಾನರಿಗೆ ಬಲವಿರಲಿಲ್ಲ, ಇಲ್ಲಿ ನಮಗೆ ಬಲವಿದೆ, ಒತ್ತೆ ಯಾಕೆ ಎಂದು ಖಾಜಿ ವಾದಿಸಿದ. ಇವರು ಜಗ್ಗಲಿಲ್ಲ. ಕೊನೆಗೆ ರಾಜನ ಮಗ ಬಂದ, ಇವರು ಇಳಿದರು, ಮೂರು ದಿನ ಇದ್ದರು.

ಓದುವಾಗ ನಗು ಬರುತ್ತದೆ. ಆದರೆ ಹಡಗಿನಿಂದ ಇಳಿಯುವವನ ಮನಸ್ಸಿನಲ್ಲಿ ಇವತ್ತಿಗೂ ಇರುವುದು ಅದೇ ಭಯ: ನಾನು ವಾಪಸ್ ಬರುವವರೆಗೆ ಹಡಗು ಇರುತ್ತದೆಯೇ? ಅದಕ್ಕೆ ಯಾರು ಜವಾಬ್ದಾರಿ? ಈಗಿನ ಒತ್ತೆ ರಾಜಕುಮಾರನಲ್ಲ, ಒಂದು ಟಿಕೆಟ್. ಹಡಗಿನ ಕಂಪನಿಯೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಯಾಕೆಂದರೆ ತಡವಾದದ್ದು ಅವರದೇ ಬಸ್ಸು. ನೀವೇ ಹೊರಗೆ ಹೋಗಿ ಟ್ಯಾಕ್ಸಿ ಹಿಡಿದು ತಡವಾದರೆ ಹಡಗು ಹೊರಟುಬಿಡುತ್ತದೆ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಬೇಕು. ಕಂಪನಿಯ ಪ್ರವಾಸಕ್ಕೆ ದುಡ್ಡು ಹೆಚ್ಚು, ಸ್ವಂತ ಟ್ಯಾಕ್ಸಿಗೆ ಕಡಿಮೆ. ಆ ವ್ಯತ್ಯಾಸ ಊಟದ್ದೂ ಅಲ್ಲ, ಗೈಡಿನದೂ ಅಲ್ಲ, ಬಹುಪಾಲು ಆ ಒತ್ತೆಯ ಬೆಲೆ.

ಇಲ್ಲಿ ಇಳಿದು ಅಲ್ಲಿ ಹತ್ತಿದವರು

ಎಲ್ಲರೂ ಇಳಿದ ಬಂದರಿನಲ್ಲೇ ಮತ್ತೆ ಹತ್ತಲಿಲ್ಲ. ಪರ್ಷಿಯಾದ ಶಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಕಲ್ಲಿಕೋಟೆಯಿಂದ ಸಮುದ್ರದಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ದಾರಿಯಲ್ಲಿ ಕಂಡ ದೇವಾಲಯಗಳನ್ನು ವಿವರವಾಗಿ ಬರೆದಿಟ್ಟ. ಅವನಿಗೆ ಆ ದಾರಿಯೇ ನೋಡುವ ಜಾಗವಾಯಿತು.

ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆ ಇನ್ನೂ ಚೆಂದ. 1623ರಲ್ಲಿ ಗೋವೆಯಿಂದ ಹಡಗಿನಲ್ಲಿ ಹೊನ್ನಾವರಕ್ಕೆ ಬಂದ. ಹೊಳೆಯಲ್ಲಿ ದೋಣಿ ಹಿಡಿದು ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ವೆಂಕಟಪ್ಪ ನಾಯಕನ ಊರು ನೋಡಿ, ಘಟ್ಟ ಇಳಿದು ಮಂಗಳೂರಿಗೆ. ಅಲ್ಲಿಂದ ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಹೊರಟ. ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಸಾದಾ ಬಟ್ಟೆ, ಬರಿಗಾಲು. ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಬಂದಿದ್ದಳು. ಅಲ್ಲೇ ನಿಂತು ಅವನನ್ನು ಮಾತನಾಡಿಸಿದಳು. ಅಲ್ಲಿಂದ ಕದ್ರಿಯ ಜೋಗಿಗಳ ಮಠಕ್ಕೂ ಹೋಗಿಬಂದು, ಮತ್ತೆ ಹಡಗು ಹತ್ತಿ ಕಲ್ಲಿಕೋಟೆ ಕಡೆಗೆ ಹೋದ.

ಒಂದು ಬಂದರಿನಲ್ಲಿ ಇಳಿದು, ಒಳನಾಡು ನೋಡಿಕೊಂಡು, ಇನ್ನೊಂದು ಬಂದರಿನಲ್ಲಿ ಹತ್ತುವುದು. ಇದನ್ನು ಈಗಿನ ಕ್ರೂಸ್ ಕಂಪನಿಗಳು ‘ಓವರ್‌ಲ್ಯಾಂಡ್ ಟೂರ್’ ಎಂಬ ಹೆಸರಿನಲ್ಲಿ ಮಾರುತ್ತವೆ. ಹಡಗು ಕಡಲಲ್ಲಿ ಹೋಗುತ್ತಿರುವಾಗ ನೀವು ನೆಲದ ಮೇಲೆ ಹೋಗುತ್ತೀರಿ. ತಾಂಡ್ಯದ ಚಾಲಕರ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ. ಅದನ್ನು ಮುಂದೆ ನೋಡೋಣ.

ವಿಹಾರವೇ ವ್ಯಾಪಾರವಾದಾಗ

ವ್ಯಾಪಾರಕ್ಕಲ್ಲ, ರಾಯಭಾರಕ್ಕಲ್ಲ, ಬರೀ ನೋಡುವುದಕ್ಕೆ ಹಡಗು ಹತ್ತುವ ಪದ್ಧತಿ ಹತ್ತೊಂಬತ್ತನೇ ಶತಮಾನದ್ದು. 1844ರಲ್ಲಿ ಇಂಗ್ಲೆಂಡಿನ ಪಿ ಅಂಡ್ ಒ ಕಂಪನಿಯ ಹಡಗುಗಳಲ್ಲಿ ಮೆಡಿಟರೇನಿಯನ್ ಸುತ್ತಿ ಬಂದ ಲೇಖಕ ಥ್ಯಾಕರೆ ಅದರ ಬಗ್ಗೆ ಪುಸ್ತಕವನ್ನೇ ಬರೆದ. ಜರ್ಮನಿಯ ಆಲ್ಬರ್ಟ್ ಬಾಲಿನ್ 1891ರ ಜನವರಿಯಲ್ಲಿ ‘ಆಗುಸ್ಟಾ ವಿಕ್ಟೋರಿಯಾ’ ಹಡಗನ್ನು ಚಳಿಗಾಲದ ವಿಹಾರಕ್ಕೆ ಮೆಡಿಟರೇನಿಯನ್ ಸಮುದ್ರಕ್ಕೆ ಕಳಿಸಿದ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ಹಡಗು ಸುಮ್ಮನೆ ನಿಲ್ಲಬೇಕು, ಅದಕ್ಕೊಂದು ದಾರಿ ಇದು. ಬಂದರು ಬಂದರಿನಲ್ಲಿ ಇಳಿಸಿ ಊರು ತೋರಿಸಿ ಮತ್ತೆ ಹತ್ತಿಸಿಕೊಳ್ಳುವ ಏರ್ಪಾಡೂ ಅದರಲ್ಲಿತ್ತು. 1922ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ‘ಲಕೋನಿಯಾ’ ಹಡಗನ್ನು ಬಾಡಿಗೆಗೆ ಹಿಡಿದು ಜನರನ್ನು ಭೂಮಿ ಸುತ್ತಿಸಿತು.

ಹಡಗು ಖಾಲಿ ನಿಲ್ಲಬಾರದು ಎಂಬುದೇ ಈ ವ್ಯಾಪಾರದ ಮೂಲ. ನಮ್ಮ ಕರಾವಳಿಗೆ ಕ್ರೂಸ್ ಹಡಗು ಬರುವುದೂ ಅದೇ ಲೆಕ್ಕದಲ್ಲಿ. ಯುರೋಪಿನಲ್ಲಿ ಚಳಿ ಬಿದ್ದಾಗ ಹಡಗುಗಳು ಬಿಸಿಲಿರುವ ಕಡೆಗೆ ಬರುತ್ತವೆ. ನವೆಂಬರ್‌ನಿಂದ ಏಪ್ರಿಲ್–ಮೇವರೆಗೆ ನಮ್ಮ ಅರಬ್ಬಿ ಸಮುದ್ರ ಶಾಂತ. ಜೂನ್‌ನಲ್ಲಿ ಮುಂಗಾರು ಹಿಡಿದರೆ ಸೀಸನ್ ಮುಗಿಯಿತು.

ಪಣಂಬೂರು ಯಾರ ಊರು

ಮಂಗಳೂರಿನ ಹಳೆಯ ಬಂದರು ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುವ ಜಾಗದಲ್ಲಿದೆ. ಅಳಿವೆ ಬಾಗಿಲಿನಲ್ಲಿ ಮರಳು ತುಂಬುವ ಕಾರಣ ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ಜನರನ್ನೂ ಸರಕನ್ನೂ ದೋಣಿಯಲ್ಲಿ ತರಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ.

ಮೈಸೂರಿನವರಾದ ನಮಗೆ ಆ ಬಂದರು ಬಹಳ ಕಾಲ ಪರರಾಜ್ಯದ್ದು. ಹೈದರ್, ಟಿಪ್ಪು ಕಾಲದಲ್ಲಿ ಮಂಗಳೂರು ಶ್ರೀರಂಗಪಟ್ಟಣದ ಆಳ್ವಿಕೆಯಲ್ಲಿತ್ತು. 1784ರ ಮಂಗಳೂರು ಒಪ್ಪಂದಕ್ಕೆ ಇಂಗ್ಲಿಷರು ಅಲ್ಲಿಗೇ ಬರಬೇಕಾಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕರಾವಳಿ ಕಂಪನಿಯ ಕೈಸೇರಿತು, ಮೈಸೂರು ಸಂಸ್ಥಾನಕ್ಕೆ ಸಮುದ್ರವೇ ಇಲ್ಲವಾಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದು ಕೇರಳದ ಕಡೆಯಿಂದ. ಎರಡೂ ಒಂದೇ ರಾಜ್ಯವಾದದ್ದು 1956ರಲ್ಲಿ. ಹಾಸನ–ಮಂಗಳೂರು ರೈಲು ಮಾರ್ಗ ಮುಗಿದದ್ದು 1979ರಲ್ಲಿ. ಘಟ್ಟದ ಮೇಲಿನ ನಮಗೂ ಕೆಳಗಿನ ಬಂದರಿಗೂ ನಂಟು ತೆಳುವಾಗಿರುವುದಕ್ಕೆ ಇಷ್ಟು ದೊಡ್ಡ ಕಾರಣವಿದೆ.

ಈಗ ಕ್ರೂಸ್ ಹಡಗು ನಿಲ್ಲುವುದು ಹಳೆಯ ಬಂದರಿನಲ್ಲಲ್ಲ, ಉತ್ತರಕ್ಕಿರುವ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ. ಅದು ಹೊಳೆಬಾಯಿಯ ಬಂದರಲ್ಲ, ನೆಲ ಅಗೆದು ಮಾಡಿದ್ದು. 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಹಡಗು ನಿಂತ ಆ ನೀರು ಒಂದು ಕಾಲಕ್ಕೆ ಗದ್ದೆ, ತೆಂಗಿನ ತೋಟ, ಮನೆ. ಅಲ್ಲಿಂದ ಎದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಪುನರ್ವಸತಿ ಕೊಟ್ಟರು. ತಾಂಡ್ಯದಲ್ಲಿ ಹೊಲವಿದ್ದ ಕಡೆ ಕಾರ್ಖಾನೆ ಶೆಡ್ಡು ಎದ್ದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂದರು ಕಟ್ಟಿದ್ದು ಅದಿರು, ಎಣ್ಣೆ, ಗೊಬ್ಬರಕ್ಕೆ. ಅಲ್ಲಿ ಪ್ರವಾಸಿ ಎಂದರೆ ನೆಂಟ ಅಷ್ಟೇ.

ನೆಂಟನಾದರೂ ಸತ್ಕಾರ ಚೆನ್ನಾಗಿದೆ. ಇ–ವೀಸಾ ಮೇಲೆ ಇಳಿಯಬಹುದಾದ ದೇಶದ ಬಂದರುಗಳಲ್ಲಿ ಮುಂಬಯಿ, ಗೋವಾ, ಕೊಚ್ಚಿ, ಚೆನ್ನೈಗಳ ಜೊತೆಗೆ ಮಂಗಳೂರೂ ಇದೆ. ಕೋವಿಡ್‌ನಿಂದ ನಿಂತಿದ್ದ ಕ್ರೂಸ್ ಹಡಗುಗಳು 2022ರ ನವೆಂಬರ್‌ನಲ್ಲಿ ಮತ್ತೆ ಬರತೊಡಗಿದವು.

ಗಂಟೆಯ ಲೆಕ್ಕ

ಈಗ ಟೀ ಅಂಗಡಿಯ ಲೆಕ್ಕಕ್ಕೆ ಬರೋಣ. ಹಡಗು ಬೆಳಿಗ್ಗೆ ಎಂಟಕ್ಕೆ ಬಂತು ಎಂದಿಟ್ಟುಕೊಳ್ಳಿ. ಕಾಗದಪತ್ರ ನೋಡಿ ಜನ ಇಳಿಯುವಾಗ ಒಂಬತ್ತು. ಹೊರಡುವುದು ಸಂಜೆ ಐದಕ್ಕೆ. ಆದರೆ ಏಣಿ ಎತ್ತುವ ಮುಂಚೆ, ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಎಲ್ಲರೂ ಹತ್ತಿರಬೇಕು. ಅಲ್ಲಿಗೆ ನಾಲ್ಕು ಗಂಟೆ. ಬಂದರಿನ ಗೇಟಿನ ತಪಾಸಣೆ, ದಾರಿಯ ಟ್ರಾಫಿಕ್ಕು ಎಂದು ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಹಡಗು ನಿಂತದ್ದು ಒಂಬತ್ತು ಗಂಟೆ, ನಿಮಗೆ ಸಿಕ್ಕಿದ್ದು ಆರು.

ಆರು ಗಂಟೆಯಲ್ಲಿ ಏನಾಗುತ್ತದೆ? ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ, ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೋಸ್ಕೆನಿ ಗೋಡೆ ತುಂಬ ಚಿತ್ರ ಬರೆದ ಸೇಂಟ್ ಅಲೋಶಿಯಸ್ ಚಾಪೆಲ್, ಕದ್ರಿ, ಒಂದು ಮಾರುಕಟ್ಟೆ. ಇವೆಲ್ಲ ನಗರದೊಳಗೇ ಇವೆ, ಆರಾಮಾಗಿ ಆಗುತ್ತವೆ. ಇಲ್ಲವೇ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಮುಂದೆ ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಗೊಮ್ಮಟ. ಬಂದರಿನಿಂದ ಕಾರ್ಕಳ ಸುಮಾರು 50 ಕಿಲೋಮೀಟರ್, ಮೂಡುಬಿದಿರೆ ಅದಕ್ಕಿಂತ ಹತ್ತಿರ. ಇದೂ ಆಗುತ್ತದೆ. ಎರಡನ್ನೂ ಸೇರಿಸಿಕೊಂಡರೆ ಓಟವೇ ಹೊರತು ನೋಟವಲ್ಲ.

ಮೈಸೂರು? ಮಡಿಕೇರಿ ದಾರಿಯಲ್ಲಿ ಸುಮಾರು 250 ಕಿಲೋಮೀಟರ್. ಹೋಗಲು ಆರು ಗಂಟೆ, ಬರಲು ಆರು ಗಂಟೆ. ಅಲ್ಲಿಂದ ಸೋಮನಾಥಪುರಕ್ಕೆ ಇನ್ನೊಂದು 35 ಕಿಲೋಮೀಟರ್. ಚಾಲಕರ ಪ್ರಶ್ನೆಗೆ ಉತ್ತರ ಇಷ್ಟೇ. ಹಡಗಿನವರಿಗೆ ನಮ್ಮ ಮೇಲೆ ಬೇಸರವೇನೂ ಇಲ್ಲ, ಘಟ್ಟ ಅಡ್ಡ ಇದೆ, ಗಡಿಯಾರ ಅಡ್ಡ ಇದೆ.

ನಮ್ಮ ಕಡೆಯ ಹರಿಗೋಲು

ಈ ಗಡಿಯಾರದ ಕಥೆ ನಮ್ಮ ಕಡೆಗೆ ಹೊಸದೇನಲ್ಲ. ತಿ. ನರಸೀಪುರದಲ್ಲಿ ಕಪಿಲೆ, ಕಾವೇರಿ ಕೂಡುತ್ತವೆ. ಈ ದಡದಲ್ಲಿ ಗುಂಜಾ ನರಸಿಂಹ, ಆ ದಡದಲ್ಲಿ ತಿರುಮಕೂಡಲಿನ ಅಗಸ್ತ್ಯೇಶ್ವರ. ಸೇತುವೆ ಇಲ್ಲದ ಕಾಲದಲ್ಲಿ ಒಂದು ದಡದ ದೇವರಿಗೆ ಕೈಮುಗಿದು ಇನ್ನೊಂದು ದಡಕ್ಕೆ ಹೋಗಲು ಹರಿಗೋಲೇ ಗತಿ. ಕತ್ತಲಾದರೆ ಹರಿಗೋಲಿಲ್ಲ, ಹೊಳೆ ತುಂಬಿದರೆ ಹರಿಗೋಲಿಲ್ಲ. ಜಾತ್ರೆಗೆ ಹೋಗುವವರು ಬುತ್ತಿ ಕಟ್ಟಿಕೊಂಡು, ಆ ದಡದಲ್ಲಿ ನೆಂಟರ ಮನೆ ಯಾವುದೆಂದು ಮೊದಲೇ ನೆನಪಿಟ್ಟುಕೊಂಡು ಹೊರಡುತ್ತಿದ್ದರು. ಹರಿಗೋಲು ತಪ್ಪಿದರೆ ರಾತ್ರಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಮನೆ ಬಿಡುವುದು ಆಗಿನ ಬುದ್ಧಿವಂತಿಕೆ.

ನಂಜನಗೂಡಿನಲ್ಲಿ ಈ ಚಿಂತೆ ಬೇಗ ತಪ್ಪಿತು. 1735ರಲ್ಲೇ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಪಿಲೆಗೆ ಕಲ್ಲು, ಇಟ್ಟಿಗೆ, ಗಾರೆಯ ಸೇತುವೆ ಬಿತ್ತು. ಮುಂದೆ ಅದೇ ಸೇತುವೆಯ ಮೇಲೆ ರೈಲೂ ಓಡಿತು, ರಸ್ತೆಯೂ ಇತ್ತು. ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು ಮಧ್ಯಾಹ್ನ ಊಟ ಮಾಡಿ, ಮಲಗಿ ಎದ್ದು ಹೋಗಬಹುದಾಯಿತು. ಸೇತುವೆ ಆದ ಊರಿನಲ್ಲಿ ಬಂದವರು ನಿಲ್ಲುತ್ತಾರೆ, ನಿಂತವರು ಖರ್ಚು ಮಾಡುತ್ತಾರೆ, ಊರು ಬೆಳೆಯುತ್ತದೆ. ಬಂದು ಹೋಗುವ ಹೊತ್ತನ್ನು ಬಂದವನೇ ತೀರ್ಮಾನಿಸುವಂತಾದಾಗ ಮಾತ್ರ ಇದು ಆಗುವುದು. ಹಡಗಿನ ಪ್ರವಾಸಿಯ ಹೊತ್ತು ಹಡಗಿನ ಕೈಯಲ್ಲಿದೆ. ಹಾಗಾಗಿ ಅವನು ಮಂಗಳೂರಿನಲ್ಲೂ ರಾತ್ರಿ ಉಳಿಯುವುದಿಲ್ಲ. ಊಟವೂ ಹಡಗಿನದೇ, ಹಾಸಿಗೆಯೂ ಹಡಗಿನದೇ. ಊರಿಗೆ ಸಿಗುವುದು ಬಸ್ಸಿನ ಬಾಡಿಗೆ, ಗೈಡಿನ ಸಂಬಳ, ಗೋಡಂಬಿಯ ಪೊಟ್ಟಣ, ಆಟೊ ಬಾಡಿಗೆ. ಬಹುಪಾಲು ಬಸ್ಸುಗಳು ಮೊದಲೇ ಗೊತ್ತಾಗಿರುತ್ತವೆ. ಗೇಟಿನ ಹೊರಗೆ ಕಾಯುವ ಆಟೊದವರಿಗೆ ಉಳಿದವರು ಸಿಗುತ್ತಾರೆ.

ಹೋಗುವವರಿಗೆ ನಾಲ್ಕು ಮಾತು

ಈಗ ನಮ್ಮ ಕಡೆಯವರೂ ಹಡಗು ಹತ್ತುತ್ತಿದ್ದಾರೆ. ಮಗ ಸಿಂಗಪುರದಲ್ಲಿದ್ದಾನೆ, ಅಪ್ಪ ಅಮ್ಮನನ್ನು ನಾಲ್ಕು ದಿನದ ಕ್ರೂಸಿಗೆ ಕರೆದುಕೊಂಡು ಹೋದ ಎನ್ನುವ ಮಾತು ನಂಜನಗೂಡಿನಲ್ಲೂ ಕೇಳುತ್ತದೆ. ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೂ ಹೋಗಿಬರುತ್ತಾರೆ. ಅಂಥವರಿಗೆ ಈ ಚರಿತ್ರೆಯಿಂದ ಎತ್ತಿಕೊಳ್ಳಬಹುದಾದದ್ದು ಇಷ್ಟು.

ಮೊದಲನೆಯದು, ಹಡಗಿನ ಗಡಿಯಾರ ನೋಡಿ. ನಮ್ಮ ದೇಶದ ಸಮಯ ಮಾಲ್ಡೀವ್ಸ್‌ಗಿಂತ ಅರ್ಧ ಗಂಟೆ ಮುಂದೆ, ಒಮಾನ್‌ಗಿಂತ ಒಂದೂವರೆ ಗಂಟೆ ಮುಂದೆ, ಸಿಂಗಪುರಕ್ಕಿಂತ ಎರಡೂವರೆ ಗಂಟೆ ಹಿಂದೆ. ಮೊಬೈಲು ತಾನಾಗಿಯೇ ಊರಿನ ಸಮಯಕ್ಕೆ ತಿರುಗುತ್ತದೆ, ಹಡಗು ತಿರುಗದೆ ಇರಬಹುದು. ಕೈಗೆ ಒಂದು ಸಾದಾ ವಾಚು ಕಟ್ಟಿ ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ.

ಎರಡನೆಯದು, ದೂರದ ಜಾಗವನ್ನು ಮೊದಲು ನೋಡಿ, ಹತ್ತಿರದ್ದನ್ನು ಕೊನೆಗೆ ಇಟ್ಟುಕೊಳ್ಳಿ. ಹೊತ್ತು ಮೀರಿದರೆ ಹತ್ತಿರದ್ದನ್ನು ಬಿಟ್ಟು ಸೀದಾ ಹಡಗಿಗೆ ಬರಬಹುದು. ತುಂಬ ದೂರ ಹೋಗಲೇಬೇಕೆಂದರೆ ಕಂಪನಿಯ ಬಸ್ಸಿನಲ್ಲೇ ಹೋಗಿ, ಹತ್ತಿರದ್ದಕ್ಕೆ ಮಾತ್ರ ಸ್ವಂತ ಟ್ಯಾಕ್ಸಿ.

ಮೂರನೆಯದು, ಹರಿಗೋಲು ತಪ್ಪಿದರೆ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ. ಹಡಗಿನಲ್ಲಿ ದಿನವೂ ಕೊಡುವ ಹಾಳೆಯಲ್ಲಿ ಆ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ಪಾಸ್‌ಪೋರ್ಟಿನ ನಕಲು, ಹಡಗಿನ ಕಾರ್ಡು, ಒಂದು ದಿನದ ಮಾತ್ರೆ, ಸ್ವಲ್ಪ ನಗದು ಜೊತೆಗಿರಲಿ. ಬಿಪಿ, ಶುಗರ್ ಮಾತ್ರೆಗಳನ್ನು ಹಡಗಿನಲ್ಲೇ ಬಿಟ್ಟು ಇಳಿಯುವುದು ನಮ್ಮ ಹಿರಿಯರು ಸಾಮಾನ್ಯವಾಗಿ ಮಾಡುವ ತಪ್ಪು.

ನಾಲ್ಕನೆಯದು, ವೀಸಾ. ಅರ್ಧ ದಿನ ಇಳಿದರೂ ಅದು ಬೇರೆ ದೇಶ. ಒಂದೇ ಸಲದ ವೀಸಾದಲ್ಲಿ ಹೊರಗೆ ಹೋಗಿ ಮತ್ತೆ ಅದೇ ದೇಶಕ್ಕೆ ಬರಲು ಆಗದೆ ಇರಬಹುದು. ಟಿಕೆಟ್ ಕೊಳ್ಳುವ ಮೊದಲೇ, ಹಡಗು ಮುಟ್ಟುವ ಪ್ರತಿ ಊರಿನ ಹೆಸರು ಬರೆದುಕೊಂಡು ಕೇಳಿ.

ಚಾಲಕರಿಗೆ ಕೊಟ್ಟ ಉತ್ತರ

ಹಾಗಾದರೆ ಸೋಮನಾಥಪುರಕ್ಕೆ ಹಡಗಿನವರು ಬರುವುದೇ ಇಲ್ಲವೇ? ದೆಲ್ಲ ವಾಲ್ಲೆ ಬಂದ ಹಾಗೆ ಬರಬಹುದು. ಮಂಗಳೂರಿನಲ್ಲಿ ಬೆಳಿಗ್ಗೆ ಇಳಿದು, ಮಡಿಕೇರಿ ದಾರಿಯಲ್ಲಿ ಮೈಸೂರಿಗೆ ಬಂದು ಉಳಿದು, ಮರುದಿನ ಬೆಳಿಗ್ಗೆ ಸೋಮನಾಥಪುರ ನೋಡಿ ಕೊಚ್ಚಿಗೆ ಇಳಿದು ಹಡಗು ಸೇರುವುದು. ಕೊಚ್ಚಿಯಲ್ಲಿ ಹಡಗು ಒಂದು ರಾತ್ರಿ ನಿಲ್ಲುವುದಾದರೆ ಮಾತ್ರ ಇದು ಸಾಧ್ಯ, ಇಲ್ಲದಿದ್ದರೆ ಮರುದಿನ ಬೆಳಿಗ್ಗೆಯೇ ಕೊಚ್ಚಿಗೆ ಬರುವ ಹಡಗು ಸಂಜೆ ಹೊರಟಿರುತ್ತದೆ. ಅಷ್ಟು ದುಡ್ಡು ಕೊಟ್ಟು ಅಷ್ಟು ಓಡಾಡುವವರು ಬೆರಳೆಣಿಕೆಯ ಜನ. ಅವರನ್ನು ನಂಬಿ ಕಾರಿನ ಸಾಲ ತೀರಿಸಲು ಆಗುವುದಿಲ್ಲ.

ಇದನ್ನೆಲ್ಲ ಚಾಲಕರಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಅವರೇ ಹೇಳಿದರು: ‘ಹಂಗಾದ್ರೆ ಮೈಸೂರಿಗೆ ರೈಲಲ್ಲಿ ಬಂದೋರ್ನೇ ಒಂದಿನ ಜಾಸ್ತಿ ಉಳಿಸ್ಕಬೇಕು ಅನ್ನಿ.’ ಅರಮನೆ, ಚಾಮುಂಡಿ ಬೆಟ್ಟ ನೋಡಿ ಸಂಜೆ ರೈಲಿಗೆ ಹೊರಟುಬಿಡುವವರು ವರ್ಷಪೂರ್ತಿ ಬರುತ್ತಾರೆ. ಅವರಿಗೆ ಮುಂಗಾರಿನ ಅಡ್ಡಿಯಿಲ್ಲ, ಏಣಿ ಎತ್ತುವ ಹೊತ್ತಿನ ಭಯವಿಲ್ಲ. ಸೋಮನಾಥಪುರ, ತಿರುಮಕೂಡಲು, ನಂಜನಗೂಡು, ಆ 1735ರ ಸೇತುವೆ ಎಲ್ಲ ಸೇರಿಸಿದರೆ ಸರಿಯಾಗಿ ಒಂದು ಹಗಲು. ಅಷ್ಟರಲ್ಲಿ ಶಿಫ್ಟಿನ ಸೈರನ್ ಕೂಗಿತು. ಅವರು ಟೀ ಲೋಟ ಇಟ್ಟು ಕಾರಿನ ಕಡೆಗೆ ಹೋದರು. ಕಾರ್ಖಾನೆಯವರೂ ಕಾಯುವುದಿಲ್ಲವಲ್ಲ.